ಕಲಾವಿದೆಯ ಲೆಕ್ಕದ ಪುಸ್ತಕ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವು ವಿದ್ಯೆ, ವಿನಯ, ಶಿಸ್ತುಗಳನ್ನು ಕುರಿತಿರಬೇಕೆಂಬುದು ನಮ್ಮ ಪಾಠಶಾಲೆಯ ಹಳೆಯ ವಾಡಿಕೆ. ಈ ವರ್ಷ ಆ ವಾಡಿಕೆಯನ್ನು ಸ್ವಲ್ಪ ಮೀರಿ, ಕೇಳುವುದಕ್ಕೆ ಅಂಗಡಿಯ ಮಾತಿನಂತೆ ತೋರುವ ಒಂದು ವಿಷಯವನ್ನು ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ತಾಯಿತಂದೆಗಳ ಮುಂದೆಯೂ ಇಡಬೇಕೆಂದಿರುವೆನು. ಚಿತ್ರಕಲೆಯನ್ನೇ ಜೀವನೋಪಾಯವಾಗಿ ಹಿಡಿದು, ಯಾರ ಕೈಕೆಳಗೂ ನೌಕರಿಗೆ ಸೇರದೆ, ಸ್ವಂತ ದುಡಿಮೆಯಿಂದ ಬಾಳಬೇಕೆನ್ನುವ ಹೆಣ್ಣುಮಗಳು ತನ್ನ ಉದ್ಯೋಗಕ್ಕೆ ಒಂದು ವ್ಯವಹಾರ ಯೋಜನೆಯನ್ನು ಕಾಗದದ ಮೇಲೆ ಬರೆದಿಡಬೇಕೋ ಬೇಡವೋ ಎಂಬುದೇ ಆ ವಿಷಯ. ಬರೆದೇ ಇಡಬೇಕು, ಅದೂ ಮೊದಲನೆಯ ಚಿತ್ರವನ್ನು ಮಾರುವ ಮುಂಚೆಯೇ ಬರೆದಿಡಬೇಕು ಎಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯವನ್ನು ನನಗೆ ಕಲಿಸಿದವರು ನಮ್ಮಲ್ಲಿಯೇ ಓದಿದ ಇಬ್ಬರು ಹುಡುಗಿಯರು. ಅವರ ಹೆಸರುಗಳನ್ನು ಇಲ್ಲಿ ಹೇಳುವುದಿಲ್ಲ.

ಮೊದಲನೆಯವಳು ನಮ್ಮ ಡ್ರಾಯಿಂಗ್ ತರಗತಿಯಲ್ಲಿ ನಾನು ಕಂಡ ಹುಡುಗಿಯರೆಲ್ಲರೊಳಗೆ ಹೆಚ್ಚು ಕೈಚಳಕವುಳ್ಳವಳು. ಪಾಠಶಾಲೆಯ ಅಂಗಳದ ಹುಣಿಸೆಯ ಮರವನ್ನು ಅವಳು ಬರೆದರೆ ನೋಡುವವರಿಗೆ ಅದರ ನೆರಳಿನ ತಂಪು ತಾಗುವಂತಿರುತ್ತಿತ್ತು. ಮುಂದೆ ಚಿತ್ರಕಲಾ ಶಾಲೆಯಲ್ಲಿ ಓದಿ ಮುಗಿಸಿ, ಮದುವೆಯಾದ ಮೇಲೆಯೂ ಮನೆಯ ಒಂದು ಕೋಣೆಯಲ್ಲಿ ಕುಳಿತು ಚಿತ್ರ ಬರೆದು ಮಾರುತ್ತಿದ್ದಳು. ಊರಿನಲ್ಲಿ ಒಳ್ಳೆಯ ಹೆಸರು ಬಂದಿತು. ಕೆಲಸವೂ ಬಿಡುವಿಲ್ಲದಷ್ಟು ಬಂದಿತು. ಕೆಲವು ವರ್ಷಗಳ ತರುವಾಯ ಒಂದು ಮದುವೆಯ ಮನೆಯಲ್ಲಿ ಅವಳನ್ನು ಕಂಡು, "ಈಗ ಏನು ಬರೆಯುತ್ತಿದ್ದೀಯಮ್ಮ?" ಎಂದು ಕೇಳಿದೆನು. "ಬಿಟ್ಟುಬಿಟ್ಟೆ, ಟೀಚರ್. ಬಣ್ಣದ ಪೆಟ್ಟಿಗೆ ಅಟ್ಟದ ಮೇಲಿದೆ. ಕೆಲಸ ಹೆಚ್ಚಿದಷ್ಟೂ ಮನೆಯ ದುಡ್ಡೇ ಹೋಗುತ್ತಿತ್ತು. ಯಾಕೆ ಅಂತ ನನಗೆ ತಿಳಿಯಲೇ ಇಲ್ಲ" ಎಂದಳು. ಅವಳ ಗಂಡನು ಕೆಟ್ಟವನಲ್ಲ. ಅತ್ತೆಮಾವಂದಿರು ಅಡ್ಡಿ ಮಾಡಿದವರಲ್ಲ. ಯಾರೂ ಅವಳ ಕುಂಚವನ್ನು ಕಿತ್ತುಕೊಳ್ಳಲಿಲ್ಲ. ಲೆಕ್ಕವಿಲ್ಲದ ಕಾರಣ ಅದು ತಾನಾಗಿ ಕೈಯಿಂದ ಜಾರಿತು. "ಯಾಕೆ ಅಂತ ತಿಳಿಯಲಿಲ್ಲ" ಎಂಬ ಮಾತು ಅಂದಿನಿಂದ ನನ್ನ ಮನಸ್ಸನ್ನು ಚುಚ್ಚುತ್ತಲೇ ಇದೆ. ಯಾಕಂದರೆ ಮೂರು ವರ್ಷ ಅವಳಿಗೆ ಗಣಿತದ ಪಾಠ ಹೇಳಿದವಳು ನಾನೇ.

ಎರಡನೆಯವಳು ಎರಡು ವರ್ಷಗಳ ಹಿಂದೆ ಒಂದು ಶನಿವಾರ ಮಧ್ಯಾಹ್ನ ನನ್ನ ಕೋಣೆಗೆ ಬಂದಳು. ಕೈಯಲ್ಲಿ ಬ್ಯಾಂಕಿನ ಅರ್ಜಿಯಿತ್ತು. ಪೇಟೆಯ ಬೀದಿಯಲ್ಲಿ ಒಂದು ಮಳಿಗೆ ಹಿಡಿದು ಚಿತ್ರಗಳ ಅಂಗಡಿ ಇಡಬೇಕೆಂದು ಎರಡು ಲಕ್ಷ ರೂಪಾಯಿ ಸಾಲ ಕೇಳಿದ್ದಳು. ಬ್ಯಾಂಕಿನ ಅಧಿಕಾರಿಗಳು ಸೌಜನ್ಯದಿಂದಲೇ, "ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಂಡು ಬನ್ನಿ" ಎಂದು ಹೇಳಿ ಕಳುಹಿಸಿದ್ದರು. "ಟೀಚರ್, ನಾನು ಚಿತ್ರ ಬರೆಯುವವಳು. ಇದರಲ್ಲಿ ಏನು ಬರೆಯಲಿ?" ಎಂದು ಕೇಳುವಾಗ ಅವಳ ಕಣ್ಣಿನಲ್ಲಿ ನೀರು ತುಂಬಿತ್ತು. ಅರ್ಜಿಯನ್ನು ತೆಗೆದುಕೊಂಡು ಓದಿದೆನು. ಪ್ರಶ್ನೆಗಳು ಬಹು ಸರಳವಾಗಿದ್ದವು: ಏನು ತಯಾರಿಸುವಿರಿ? ಯಾರು ಕೊಳ್ಳುವರು? ಎಷ್ಟಕ್ಕೆ ಮಾರುವಿರಿ? ತಿಂಗಳಿಗೆ ಖರ್ಚೆಷ್ಟು? ಉಳಿಯುವುದೆಷ್ಟು? ಐದು ವರ್ಷ ಚಿತ್ರಗಳನ್ನು ಮಾರಿದ ಆ ಹುಡುಗಿಯ ಬಳಿ ಇವುಗಳಲ್ಲಿ ಒಂದಕ್ಕೂ ನಿಶ್ಚಯವಾದ ಉತ್ತರವಿರಲಿಲ್ಲ. ಆಗ ನನಗೆ ಮೊದಲನೆಯವಳ ನೆನಪಾಯಿತು. ಅಂದಿನಿಂದ ನಾಲ್ಕು ಶನಿವಾರ ನಾವಿಬ್ಬರೂ ಡ್ರಾಯಿಂಗ್ ಕೋಣೆಯ ಮೇಜಿನ ಮುಂದೆ ಕುಳಿತು, ಇನ್ನೂರು ಪುಟಗಳ ಒಂದು ನೋಟ್ ಪುಸ್ತಕದಲ್ಲಿ ಉತ್ತರಗಳನ್ನು ಬರೆದೆವು. ಅವಳ ಒಪ್ಪಿಗೆಯಿಂದ ಅದರ ಸಾರವನ್ನು ಇಲ್ಲಿ ತಿಳಿಸುವೆನು. ವಾಚಕರಿಗೆ ಸುಲಭವಾಗಲೆಂದು ಅಂಕಿಗಳನ್ನು ಮಾತ್ರ ಸ್ವಲ್ಪ ದುಂಡಾಗಿಸಿರುವೆನು.

ಮೊದಲನೆಯ ಪುಟದಲ್ಲಿ ತಿಂಗಳ ಖರ್ಚನ್ನು ಬರೆದೆವು. ಬಣ್ಣ, ಕ್ಯಾನ್ವಾಸ್, ಕಾಗದ, ಚೌಕಟ್ಟುಗಳಿಗೆ 4,000 ರೂಪಾಯಿ. ಕೋಣೆಯ ಬಾಡಿಗೆ ಮತ್ತು ವಿದ್ಯುತ್ತಿಗೆ 2,000. ಬಸ್ಸು, ಆಟೋ, ಮೊಬೈಲ್ ಫೋನ್, ಕಟ್ಟಿ ಕಳುಹಿಸುವ ಖರ್ಚುಗಳಿಗೆ 1,500. ಕೆಲಸವಿಲ್ಲದ ತಿಂಗಳುಗಳಿಗೂ ಮುರಿದ ಸಾಮಾನುಗಳಿಗೂ ಎತ್ತಿಡುವ ಹಣ 2,500. ಇಷ್ಟನ್ನು ಬರೆದು ಅವಳು ಕೂಡಿಸಹೊರಟಳು. "ನಿನ್ನ ಕೂಲಿಯೆಲ್ಲಿ?" ಎಂದು ಕೇಳಿದೆನು. ಅವಳು ನನ್ನ ಮುಖವನ್ನು ನೋಡಿದಳು. ಐದು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಅವಳು ತನಗೆ ತಾನೇ ಕೇಳಿಕೊಂಡಿರಲಿಲ್ಲ. ಅವಳ ಊಟ, ಬಟ್ಟೆ, ಔಷಧ, ಮನೆಗೆ ಕೊಡಬೇಕಾದ ಪಾಲು, ಇವೆಲ್ಲವನ್ನೂ ಮಿತವಾಗಿ ಎಣಿಸಿ 18,000 ಎಂದು ಬರೆಸಿದೆನು. ಒಟ್ಟು ಮೊತ್ತ 28,000 ರೂಪಾಯಿಯಾಯಿತು.

ಎರಡನೆಯ ಪುಟದಲ್ಲಿ ಹೊತ್ತಿನ ಲೆಕ್ಕವನ್ನು ಬರೆದೆವು. ತಿಂಗಳಿಗೆ ಇಪ್ಪತ್ತೈದು ದಿವಸ, ದಿವಸಕ್ಕೆ ಏಳು ಗಂಟೆ ದುಡಿಯುವೆನೆಂದು ಅವಳು ಹೇಳಿದಳು. ಹಾಗಾದರೆ 175 ಗಂಟೆಯಾಗಬೇಕಷ್ಟೆ. ಆದರೆ ಒಂದು ವಾರ ಕಾಲ ಗಡಿಯಾರವನ್ನು ನೋಡಿ ಬರೆದಿಡೆಂದು ಹೇಳಿ ಕಳುಹಿಸಿದೆನು. ಮುಂದಿನ ಶನಿವಾರ ಅವಳು ತಂದ ಕಾಗದವನ್ನು ನೋಡಿದಾಗ ಇಬ್ಬರಿಗೂ ಆಶ್ಚರ್ಯವಾಯಿತು. ಕೊಳ್ಳುವವರ ಸಂಗಡ ಮಾತು, ಸಾಮಾನು ತರುವುದು, ಚೌಕಟ್ಟಿನ ಅಂಗಡಿಯಲ್ಲಿ ಕಾಯುವುದು, ಫೋನಿನಲ್ಲಿ ಚಿತ್ರಗಳನ್ನು ತೋರಿಸುವುದು, ಬಾಕಿ ಹಣಕ್ಕಾಗಿ ಅಲೆಯುವುದು ಇವೆಲ್ಲ ಕಳೆದು, ಹಣ ಬರುವ ಕೆಲಸಕ್ಕೆ ಉಳಿದದ್ದು ತಿಂಗಳಿಗೆ ಸುಮಾರು ನೂರು ಗಂಟೆ ಮಾತ್ರ. 28,000 ರೂಪಾಯಿಯನ್ನು ಈ ನೂರರಿಂದ ಭಾಗಿಸಿದರೆ ಗಂಟೆಗೆ 280 ರೂಪಾಯಿ ಬರುತ್ತದೆ. ಅದಕ್ಕಿಂತ ಕಡಿಮೆಯಾದರೆ ಎಲ್ಲಿಯೋ ಒಂದು ಕಡೆ ತೂತು ಬಿದ್ದಿದೆ ಎಂದು ಅರ್ಥ.

ಅವಳ ಒಂದು ಸಾಧಾರಣ ಚಿತ್ರಕ್ಕೆ ಇಪ್ಪತ್ತು ಗಂಟೆ ಹಿಡಿಯುತ್ತಿತ್ತು. ಅದನ್ನು 2,000 ರೂಪಾಯಿಗೆ ಮಾರುತ್ತಿದ್ದಳು. ತಿಂಗಳಿಗೆ ಐದು ಚಿತ್ರ ಮಾರಿದರೆ 10,000 ರೂಪಾಯಿ. ಮೊದಲನೆಯ ಪುಟವನ್ನು ತಿರುವಿ ನೋಡಿದೆವು: ಕೂಲಿಯನ್ನು ಬಿಟ್ಟು ಉಳಿದ ಖರ್ಚುಗಳ ಮೊತ್ತವೂ ಸರಿಯಾಗಿ 10,000 ರೂಪಾಯಿ. ಅಂದರೆ, ಒಂದೂ ಉಳಿಯದಂತೆ ಎಲ್ಲ ಚಿತ್ರಗಳು ಮಾರಿಹೋದ ಒಳ್ಳೆಯ ತಿಂಗಳಿನಲ್ಲಿಯೂ ಅವಳ ಕೈಗೆ ಕೂಲಿಯೆಂದು ಒಂದು ಕಾಸೂ ಸಿಕ್ಕುತ್ತಿರಲಿಲ್ಲ. ಅವಳನ್ನು ಸಾಕುತ್ತಿದ್ದವರು ಅವಳ ತಂದೆ. ಅವಳ ಗಿರಾಕಿಗಳನ್ನು ಸಾಕುತ್ತಿದ್ದವರೂ ಅವರೇ, ಅದು ಅವರಿಗಾಗಲಿ ಅವಳಿಗಾಗಲಿ ಗಿರಾಕಿಗಳಿಗಾಗಲಿ ತಿಳಿದಿರಲಿಲ್ಲ. ಮೊದಲನೆಯವಳ ಬಣ್ಣದ ಪೆಟ್ಟಿಗೆ ಅಟ್ಟಕ್ಕೆ ಏರಿದ್ದು ಯಾಕೆಂದು ನನಗೆ ಆ ಸಂಜೆ ತಿಳಿಯಿತು.

ಹಾಗಾದರೆ ನಾಳೆಯಿಂದಲೇ ಚಿತ್ರಕ್ಕೆ 5,600 ರೂಪಾಯಿ ಬೆಲೆ ಹಾಕಿದರೆ ಆಯಿತೋ? ಆಗಲಿಲ್ಲ. ನಮ್ಮಂಥ ಊರಿನಲ್ಲಿ ತಿಂಗಳಿಗೆ ಐದು ಮನೆಯವರು ಆ ಬೆಲೆ ಕೊಡುವರೆಂಬ ಭರವಸೆ ಇಲ್ಲ. ಆದಕಾರಣ ಮೂರನೆಯ ಪುಟದಲ್ಲಿ, ಯಾರು ಕೊಳ್ಳುವರು ಎಂಬ ಪ್ರಶ್ನೆಗೆ, "ಎಲ್ಲರೂ" ಎಂದು ಬರೆಯದೆ, ಊರಿನ ಬೀದಿಗಳನ್ನು ಮನಸ್ಸಿನಲ್ಲಿ ಒಂದೊಂದಾಗಿ ನಡೆದು ಬರೆದೆವು. ಹೊಸ ಮನೆ ಕಟ್ಟಿಸುವವರು, ಮದುವೆಗೆ ಉಡುಗೊರೆ ಕೊಡುವವರು, ಮಕ್ಕಳಿಗೆ ಚಿತ್ರ ಕಲಿಸಬೇಕೆನ್ನುವ ತಾಯಂದಿರು, ಹಬ್ಬಕ್ಕೆ ಶುಭಾಶಯದ ಕಾರ್ಡು ಕೊಳ್ಳುವವರು, ಮಕ್ಕಳ ಪುಸ್ತಕ ಅಚ್ಚುಹಾಕಿಸುವ ಪ್ರಕಾಶಕರು. ಇವರಿಗೆ ತಕ್ಕಂತೆ ನೂರು ಗಂಟೆಯನ್ನು ಹಂಚಿದೆವು. ದೊಡ್ಡ ಚಿತ್ರಗಳು ಎರಡು, ನಲವತ್ತು ಗಂಟೆ, 11,200 ರೂಪಾಯಿ. ಹನ್ನೆರಡು ಮಕ್ಕಳ ವಾರಾಂತ್ಯದ ತರಗತಿ, ತಲೆಗೆ 600ರಂತೆ 7,200 ರೂಪಾಯಿ, ಸಿದ್ಧತೆಯೂ ಸೇರಿ ಇಪ್ಪತ್ತು ಗಂಟೆ. ಪುಸ್ತಕದ ಚಿತ್ರಗಳು ಮೂವತ್ತು ಗಂಟೆ, 6,000 ರೂಪಾಯಿ. ಕಾರ್ಡುಗಳು ಮತ್ತು ಅಚ್ಚಿನ ಸಣ್ಣ ಚಿತ್ರಗಳು ಹತ್ತು ಗಂಟೆ, ಅಚ್ಚಿನ ಖರ್ಚು ಕಳೆದು 3,600 ರೂಪಾಯಿ. ಒಟ್ಟು 28,000. ಪುಸ್ತಕದ ಚಿತ್ರಗಳಿಗೆ ಗಂಟೆಗೆ 200 ರೂಪಾಯಿ ಮಾತ್ರ ಬೀಳುವುದನ್ನು ವಾಚಕರು ಗಮನಿಸಿರಬಹುದು. ಅದನ್ನು ತಿಳಿದೇ ಒಪ್ಪಿಕೊಂಡೆವು. ಯಾಕಂದರೆ ಪುಸ್ತಕವು ಅವಳ ಹೆಸರನ್ನು ಅವಳು ಕಾಣದ ಮನೆಗಳಿಗೆ ಕೊಂಡೊಯ್ಯುವುದು. ತಿಳಿದು ಕಡಿಮೆಗೆ ಒಪ್ಪುವುದು ಬೇರೆ, ತಿಳಿಯದೆ ನಷ್ಟಕ್ಕೆ ಬೀಳುವುದು ಬೇರೆ.

ನಾಲ್ಕನೆಯ ಪುಟವನ್ನು ಅಡ್ಡಕ್ಕೆ ತಿರುಗಿಸಿ ಹನ್ನೆರಡು ಮನೆಗಳನ್ನು ಗೆರೆ ಹಾಕಿ, ತಿಂಗಳಿಗೊಂದರಂತೆ ಬರುವ ಹಣವನ್ನೂ ಹೋಗುವ ಹಣವನ್ನೂ ಬರೆದೆವು. ಕಲಾವಿದೆಯ ಹಣವು ಸರಕಾರಿ ಸಂಬಳದಂತೆ ಒಂದನೆಯ ತಾರೀಕಿಗೆ ಬರುವುದಿಲ್ಲ. ನವರಾತ್ರಿಯಿಂದ ಕ್ರಿಸ್ಮಸ್ ವರೆಗೆ ಕೆಲಸಕ್ಕೆ ಪುರಸೊತ್ತಿಲ್ಲ. ಮೇ ತಿಂಗಳಲ್ಲಿ ಮಕ್ಕಳಿಗೆ ರಜೆಯಾದ್ದರಿಂದ ತರಗತಿ ತುಂಬುವುದು. ಜೂನಿನಲ್ಲಿ ತಾಯಿತಂದೆಗಳ ಹಣವೆಲ್ಲ ಫೀಜಿಗೂ ಪುಸ್ತಕಕ್ಕೂ ಹೋಗುವುದು. ಆಷಾಢದಲ್ಲಿ ಮದುವೆಯೂ ಇಲ್ಲ, ಗೃಹಪ್ರವೇಶವೂ ಇಲ್ಲ, ಉಡುಗೊರೆಯ ಚಿತ್ರವನ್ನು ಕೇಳುವವರೂ ಇಲ್ಲ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನವರು ನಡೆಸುವ ಚಿತ್ರಸಂತೆಗೆ ಹೋಗಬೇಕಾದರೆ, ರೈಲಿನ ಖರ್ಚನ್ನೂ ಚೌಕಟ್ಟುಗಳ ಖರ್ಚನ್ನೂ ಡಿಸೆಂಬರಿನ ಮನೆಯಲ್ಲಿಯೇ ಬರೆಯಬೇಕು. ಇದನ್ನೆಲ್ಲ ಮುಂದಾಗಿ ಬರೆದಿಟ್ಟ ಪ್ರಯೋಜನವೇನೆಂದರೆ, ಕಳೆದ ವರ್ಷ ಆಷಾಢದಲ್ಲಿ ಅವಳಿಗೆ 17,000 ರೂಪಾಯಿ ಮಾತ್ರ ಬಂದಾಗ ಅವಳು ಎದೆಗುಂದಲಿಲ್ಲ. "ಪುಸ್ತಕದಲ್ಲಿ ಬರೆದೇ ಇತ್ತಲ್ಲ, ಟೀಚರ್" ಎಂದಳು. ಬರೆದಿರದಿದ್ದರೆ ಆ ತಿಂಗಳು ಅವಳೂ ಕುಂಚವನ್ನು ಅಟ್ಟಕ್ಕೆ ಏರಿಸುತ್ತಿದ್ದಳೋ ಏನೋ.

ಇನ್ನು ಸಾಲದ ಮಾತು. ಲೆಕ್ಕವೆಲ್ಲ ಮುಗಿದ ಮೇಲೆ ಪೇಟೆಯ ಮಳಿಗೆಯ ಬಾಡಿಗೆಯನ್ನು ಮೊದಲನೆಯ ಪುಟದಲ್ಲಿ ಸೇರಿಸಿ ನೋಡಿದೆವು. ಗಂಟೆಯ ದರವು ಅವಳಿಗೇ ನಗು ಬರುವಷ್ಟು ಏರಿತು. ಅಂಗಡಿಯ ಆಸೆಯನ್ನು ಅಲ್ಲಿಗೆ ಬಿಟ್ಟಳು. ತರಗತಿಗೆ ಮೇಜು ಬೆಂಚುಗಳಿಗೂ ಮೊದಲನೆಯ ಕಾರ್ಡುಗಳ ಅಚ್ಚಿಗೂ ಬೇಕಾದದ್ದು 40,000 ರೂಪಾಯಿ ಮಾತ್ರ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮುದ್ರಾ ಯೋಜನೆಯಲ್ಲಿ 50,000 ರೂಪಾಯಿಯವರೆಗಿನ ಸಾಲಕ್ಕೆ ಶಿಶು ಎಂದು ಹೆಸರು; ಅದಕ್ಕೆ ಮನೆಯನ್ನಾಗಲಿ ಒಡವೆಯನ್ನಾಗಲಿ ಅಡವಿಡಬೇಕಾಗಿಲ್ಲ. ನೋಟ್ ಪುಸ್ತಕದ ನಾಲ್ಕು ಪುಟಗಳನ್ನು ಶುದ್ಧಪ್ರತಿ ಮಾಡಿ ಕೊಟ್ಟೊಡನೆ ಸಾಲವು ಮಂಜೂರಾಯಿತು. ತಿಂಗಳಿಗೆ ಸುಮಾರು 1,900 ರೂಪಾಯಿಯ ಕಂತನ್ನು ಎರಡು ವರ್ಷ, ಎತ್ತಿಡುವ ಹಣದೊಳಗಿಂದಲೇ ಕಟ್ಟುತ್ತ ಬಂದಿದ್ದಾಳೆ. ಆ ಎರಡು ವರ್ಷ ಕೈ ಬಿಗಿಯಾಗಿಯೇ ಇತ್ತೆಂಬುದನ್ನು ಮರೆಮಾಡುವುದಿಲ್ಲ. ಇದರ ಸಂಗಡ 2020ನೆಯ ಜುಲೈ 1ರಿಂದ ನಡೆಯುತ್ತಿರುವ ಉದ್ಯಮ್ ನೋಂದಣಿಯನ್ನೂ ಮಾಡಿಸಿದೆವು. ಅದಕ್ಕೆ ಸರಕಾರವು ಶುಲ್ಕ ತೆಗೆದುಕೊಳ್ಳುವುದಿಲ್ಲ. ಹಣ ಕೊಟ್ಟರೆ ಮಾಡಿಸಿಕೊಡುವೆವೆಂದು ಹೇಳುವ ಮಧ್ಯವರ್ತಿಗಳ ಮಾತಿಗೆ ನಮ್ಮ ಹುಡುಗಿಯರು ಮರುಳಾಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರದ ಹಣಕ್ಕೆ ಬೇರೆ ಬ್ಯಾಂಕ್ ಖಾತೆಯನ್ನು ತೆರೆಯತಕ್ಕದ್ದು. ಹಾಲಿನವನ ಹಣವೂ ಬಣ್ಣದ ಹಣವೂ ಒಂದೇ ಚೀಲದಲ್ಲಿದ್ದರೆ ಎಷ್ಟು ಪುಟ ಬರೆದರೂ ಫಲವಿಲ್ಲ.

ಹಣದ ಲೆಕ್ಕದಷ್ಟೇ ಅಗತ್ಯವಾದ ಇನ್ನೊಂದು ಪುಟವುಂಟು. ಅದು ಕರಾರಿನ ಪುಟ. ನಮ್ಮ ದೇಶದ 1957ನೆಯ ಇಸವಿಯ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರದ ಹಕ್ಕು ಸಾಮಾನ್ಯವಾಗಿ ಅದನ್ನು ಬರೆದವರದೇ. ಅವರ ಜೀವಮಾನವೆಲ್ಲವೂ ತರುವಾಯ 60 ವರ್ಷವೂ ಅದು ನಡೆಯುವುದು. ಆದರೆ ಅದೇ ಕಾಯಿದೆಯ 17ನೆಯ ಕಲಮಿನಲ್ಲಿ ಒಂದು ಮಾತಿದೆ: ಒಬ್ಬರು ಹಣ ಕೊಟ್ಟು ಹೇಳಿ ಬರೆಯಿಸಿದ ಚಿತ್ರಕ್ಕೆ, ಬೇರೆ ಕರಾರಿಲ್ಲದಿದ್ದರೆ, ಬರೆಯಿಸಿದವರೇ ಮೊದಲನೆಯ ಹಕ್ಕುದಾರರು. ಇದನ್ನು ಅರಿಯದೆ ಎಷ್ಟೋ ಹೆಣ್ಣುಮಕ್ಕಳು ಒಂದು ಚಿತ್ರದ ಬೆಲೆಗೆ, ಆ ಚಿತ್ರವು ಕ್ಯಾಲೆಂಡರಿನ ಮೇಲೂ ಚೀಲದ ಮೇಲೂ ಡಬ್ಬಿಯ ಮೇಲೂ ಅಚ್ಚಾಗುವ ಹಕ್ಕನ್ನೆಲ್ಲ ಕೊಟ್ಟುಬಿಡುತ್ತಾರೆ. ಆದದರಿಂದ ಅರ್ಧ ಪುಟವಾದರೂ ಸರಿ, ಕೆಲಸಕ್ಕೆ ಮುಂಚೆ ಬರೆಯಿಸಿಕೊಳ್ಳತಕ್ಕದ್ದು: ಚಿತ್ರವು ಯಾವುದಕ್ಕೆ ಉಪಯೋಗವಾಗುವುದು, ಎಷ್ಟು ವರ್ಷ, ಬರೆದವಳ ಹೆಸರು ಅಚ್ಚಾಗುವುದೋ ಇಲ್ಲವೋ, ಹಕ್ಕು ಯಾರದು, ಅರ್ಧ ಹಣ ಮುಂಗಡವಾಗಿ ಬರುವುದೋ ಹೇಗೆ, ಎಷ್ಟು ಸಾರಿ ತಿದ್ದಿಕೊಡಬೇಕು. ಹಕ್ಕನ್ನು ವಹಿಸಿಕೊಡುವುದಾದರೆ ಅದು ಬರಹದಲ್ಲಿಯೇ ಆಗತಕ್ಕದ್ದೆಂದೂ, ಕಾಲಾವಧಿಯನ್ನು ಬರೆಯದಿದ್ದರೆ ಐದು ವರ್ಷವೆಂದೇ ಎಣಿಸತಕ್ಕದ್ದೆಂದೂ ಕಾಯಿದೆಯು ಹೇಳುತ್ತದೆ. "ಪರಿಚಯದವರಲ್ಲಿ ಕಾಗದವೇನು?" ಎಂದು ನಮ್ಮ ಕಡೆ ಹೇಳುವುದುಂಟು. ಪರಿಚಯವು ಕೆಡಬಾರದೆಂಬುದಕ್ಕಾಗಿಯೇ ಕಾಗದವು ಬೇಕು.

ಇಷ್ಟು ಓದಿದ ಕೆಲವರು, "ಇದೇನು, ಕಲೆಯನ್ನು ಕಿರಾಣಿ ಸಾಮಾನಿನಂತೆ ತಕ್ಕಡಿಗೆ ಹಾಕುವುದೇ?" ಎಂದು ಕೇಳಬಹುದು. ಈ ಆಕ್ಷೇಪವನ್ನು ನಾನು ತಾತ್ಸಾರ ಮಾಡುವುದಿಲ್ಲ. ಬಹುಕಾಲ ನನ್ನ ಮನಸ್ಸಿನಲ್ಲಿಯೂ ಅದೇ ಇತ್ತು. ಆದರೆ ದೊಡ್ಡವರ ಚರಿತ್ರೆಯನ್ನು ನೋಡಿರಿ. ರಾಜಾ ರವಿವರ್ಮರ ಚಿತ್ರಗಳನ್ನು ನಮ್ಮ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕಾಣದವರು ಕಡಿಮೆ. ಬಡವರ ಮನೆಗೂ ಚಿತ್ರಗಳು ಮುಟ್ಟಬೇಕೆಂದು ಅವರು 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ಜನರು ಚಿತ್ರಗಳನ್ನು ಬಹಳವಾಗಿ ಮೆಚ್ಚಿದರು. ಆದಾಗ್ಯೂ ಮುದ್ರಣಾಲಯವು ಕೆಲವೇ ವರ್ಷಗಳಲ್ಲಿ ಸಾಲಕ್ಕೆ ಸಿಕ್ಕಿ, ಶ್ಲೈಷರ್ ಎಂಬ ಜರ್ಮನ್ ತಂತ್ರಜ್ಞನ ಕೈಗೆ ಮಾರಿಹೋಯಿತು. ಅಷ್ಟು ದೊಡ್ಡ ಕೈಗೂ ಲೆಕ್ಕದ ಬೆಂಬಲ ಬೇಕಾಗಿತ್ತು.

ಇದಕ್ಕೆ ಎದುರಾಗಿ ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಎಂಬ ಮಹಿಳೆಯ ಚರಿತ್ರೆಯನ್ನು ಇಡುವೆನು. ಅವಳ ಮೊಲದ ಮರಿಯ ಕಥೆ ನಮ್ಮ ಗ್ರಂಥಾಲಯದಲ್ಲಿಯೂ ಇದೆ. ಪ್ರಕಾಶಕರು ಅದನ್ನು ಬೇಡವೆಂದಾಗ ಅವಳು 1901ನೆಯ ಡಿಸೆಂಬರಿನಲ್ಲಿ ತನ್ನ ಸ್ವಂತ ಹಣದಿಂದ 250 ಪ್ರತಿಗಳನ್ನು ಅಚ್ಚುಹಾಕಿಸಿದಳು. ಮಕ್ಕಳ ಕೈಗೆ ಹಿಡಿಯುವಂಥ ಸಣ್ಣ ಪುಸ್ತಕ, ಮಕ್ಕಳು ಕೊಳ್ಳುವಂಥ ಸಣ್ಣ ಬೆಲೆ ಎಂಬುದು ಅವಳ ನಿಶ್ಚಯವಾಗಿತ್ತು. ಮರುವರ್ಷ ಪ್ರಕಾಶಕರೊಬ್ಬರು ಮುಂದೆ ಬಂದರು. 1903ರಲ್ಲಿ ಆ ಮೊಲದ ಬಟ್ಟೆಯ ಗೊಂಬೆಯನ್ನು ತಾನೇ ಹೊಲಿದು, ಅದರ ಹಕ್ಕನ್ನು ಸರಕಾರದ ಕಚೇರಿಯಲ್ಲಿ ದಾಖಲು ಮಾಡಿಸಿದಳು. ಪುಸ್ತಕಗಳ ಆದಾಯವನ್ನೂ ಬಂಧುವೊಬ್ಬರಿಂದ ಬಂದ ಹಣವನ್ನೂ ಸೇರಿಸಿ 1905ರಲ್ಲಿ ಒಂದು ಹೊಲಮನೆಯನ್ನು ಕೊಂಡಳು. 1943ರಲ್ಲಿ ತೀರಿಕೊಳ್ಳುವಾಗ 4,000 ಎಕರೆಗಳಿಗೂ ಮೇಲ್ಪಟ್ಟ ಭೂಮಿಯನ್ನು ದೇಶದ ಜನರಿಗಾಗಿ ಬಿಟ್ಟುಹೋದಳು. ಲೆಕ್ಕ ಬರೆದುದರಿಂದ ಅವಳ ಮೊಲದ ಕಣ್ಣಿನ ಹೊಳಪು ಕಡಿಮೆಯಾಯಿತೆಂದು ಯಾವ ಮಗುವೂ ದೂರಿಲ್ಲ.

ಯೋಜನೆಯ ಮಿತಿಯನ್ನೂ ಹೇಳಬೇಕು. ಯಾವ ಚಿತ್ರವು ಚೆನ್ನಾಗುವುದೆಂದು ಅದು ಹೇಳಲಾರದು. ಕೆಟ್ಟ ಕೈಯನ್ನು ಒಳ್ಳೆಯದು ಮಾಡಲಾರದು. ಮೂರು ತಿಂಗಳಿಗೊಮ್ಮೆ ತೆಗೆದು, ಬರೆದದ್ದೇನು, ನಡೆದದ್ದೇನು ಎಂದು ಎರಡು ಬಣ್ಣದ ಮಸಿಯಿಂದ ತಿದ್ದದಿದ್ದರೆ ಅದು ಹಳೆಯ ಪಂಚಾಂಗದಂತೆ ಮೂಲೆಗೆ ಬೀಳುವುದು. ನಮ್ಮ ಹುಡುಗಿಯು ಮೊದಲನೆಯ ವರ್ಷ ಚಿತ್ರಸಂತೆಗೆ ಒಂಬತ್ತು ಚಿತ್ರಗಳನ್ನು ಕೊಂಡೊಯ್ದು ನಾಲ್ಕನ್ನೇ ಮಾರಿದಳು. ಎಲ್ಲವೂ ಮಾರುವುದೆಂದು ಬರೆದಿದ್ದುದನ್ನು ಅಳಿಸಬೇಕಾಯಿತು. ಮತ್ತೊಂದು ಮಾತು: ವಾರಕ್ಕೆ ಒಂದು ದಿವಸವನ್ನು ಅವಳು ಈ ನೂರು ಗಂಟೆಯ ಹೊರಗೆ ಇಟ್ಟಿದ್ದಾಳೆ. ಆ ದಿವಸ ಬರೆಯುವ ಚಿತ್ರಕ್ಕೆ ಬೆಲೆಯಿಲ್ಲ, ಗಿರಾಕಿಯಿಲ್ಲ, ಗಡಿಯಾರವಿಲ್ಲ. ಉಳಿದ ದಿವಸಗಳ ಲೆಕ್ಕವು ಸರಿಯಾಗಿರುವುದರಿಂದಲೇ ಆ ಒಂದು ದಿವಸವು ಅವಳದಾಗಿ ಉಳಿದಿದೆ. ಹೊಲಕ್ಕೆ ಬೇಲಿ ಹೇಗೋ ಕಲೆಗೆ ಯೋಜನೆಯು ಹಾಗೆ ಎಂದು ನಾನು ತಿಳಿದಿರುವೆನು. ಬೇಲಿಯು ಬೆಳೆಯನ್ನು ಬೆಳೆಸುವುದಿಲ್ಲ, ಬೆಳೆದದ್ದನ್ನು ಕಾಯುತ್ತದೆ.

ಈಗ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಆ ನಾಲ್ಕು ಶನಿವಾರಗಳಲ್ಲಿ ಒಂದು ದಿವಸ, ಹಿಂದಿನ ವರ್ಷ ಅವಳು ಹಣ ಪಡೆಯದೆ ಮಾಡಿಕೊಟ್ಟ ಕೆಲಸಗಳ ಪಟ್ಟಿಯನ್ನು ಬರೆಯುವಂತೆ ಹೇಳಿದೆನು. ಬರೆದಳು, ಒಂದು ಸಾಲನ್ನು ಮಾತ್ರ ಕೈಯಿಂದ ಮುಚ್ಚಿಕೊಂಡಳು. ಕೈಯನ್ನು ಸರಿಸಿ ನೋಡಿದೆನು. ನಮ್ಮ ವಾರ್ಷಿಕೋತ್ಸವದ ರಂಗಮಂಟಪದ ಪರದೆ, ನಲವತ್ತು ಗಂಟೆ. ಹೌದು, ಅವಳನ್ನು ಕರೆಯಿಸಿ, "ನಿನ್ನ ಶಾಲೆಯಲ್ಲವೇನಮ್ಮ?" ಎಂದು ಹೇಳಿ ಬರೆಯಿಸಿದವಳು ನಾನೇ. ಶಾಮಿಯಾನದವನಿಗೆ ಹಣ ಕೊಟ್ಟೆವು, ಧ್ವನಿವರ್ಧಕದವನಿಗೆ ಕೊಟ್ಟೆವು, ಉಪಾಹಾರದವನಿಗೆ ಕೊಟ್ಟೆವು. ನಾವೇ ಕಲಿಸಿದ ಹುಡುಗಿಗೆ ಒಂದು ಹಾರವನ್ನೂ ಒಂದು ಲೋಟ ಕಾಫಿಯನ್ನೂ ಕೊಟ್ಟೆವು. ಗಂಟೆಗೆ 280ರಂತೆ ಅದು 11,200 ರೂಪಾಯಿಯ ಕೆಲಸ. ಎರಡು ದೊಡ್ಡ ಚಿತ್ರಗಳಷ್ಟು. ಮೊದಲನೆಯ ಹುಡುಗಿಯಿಂದಲೂ ನಾವು ಹೀಗೆ ಎಷ್ಟು ಪರದೆಗಳನ್ನು ಬರೆಯಿಸಿದ್ದೆವೆಂದು ನೆನಪು ಮಾಡಿಕೊಳ್ಳುವುದಕ್ಕೆ ನನಗೆ ಧೈರ್ಯ ಸಾಲದು. ಅಂದಿನಿಂದ ಚಿತ್ರದ ಕೆಲಸಕ್ಕೆ ಹಣ ಕೊಡದೆ ಮಾಡಿಸಬಾರದೆಂದು ನಿಯಮ ಮಾಡಿದ್ದೇವೆ. ಈ ಸಂಚಿಕೆಯ ಮುಖಪುಟವನ್ನು ಬರೆದವಳಿಗೂ ಅರ್ಧ ಪುಟದ ಕರಾರು ಮಾಡಿ, ಅರ್ಧ ಹಣವನ್ನು ಮುಂಗಡವಾಗಿ ಕೊಟ್ಟಿದ್ದೇವೆ.

ತಾಯಿತಂದೆಗಳಲ್ಲಿ ನನ್ನ ಬಿನ್ನಹವಿಷ್ಟು. ಮಗಳು ಚಿತ್ರಕಲೆಯನ್ನೇ ಉದ್ಯೋಗವಾಗಿ ಹಿಡಿಯುವೆನೆಂದು ಹೇಳಿದರೆ ನೀವು ಹೆದರುವುದು ನ್ಯಾಯವೇ. ಆ ಹೆದರಿಕೆಯಿಂದ "ಬೇಡ" ಎಂದುಬಿಡುವ ತಾಯಿತಂದೆಗಳನ್ನು ಕಂಡಿದ್ದೇನೆ. ಪ್ರೀತಿಯಿಂದ "ನಿನ್ನಿಷ್ಟ, ನಾವಿದ್ದೇವೆ" ಎಂದುಬಿಡುವವರನ್ನೂ ಕಂಡಿದ್ದೇನೆ. ಎರಡನೆಯ ಮಾತೂ ಸಾಲದು. ಯಾಕಂದರೆ ನೀವು ಎಷ್ಟು ಕಾಲ ಇರುವಿರಿ? "ನಿನ್ನ ಯೋಜನೆಯನ್ನು ಬರೆದು ತೋರಿಸು" ಎಂದು ಕೇಳಿರಿ. ಅವಳ ಜೊತೆ ಕುಳಿತು ಕೂಡಿಸಿ ಕಳೆಯಿರಿ. ಕೊರತೆ ಬಿದ್ದರೆ, ಎಷ್ಟು ತಿಂಗಳು ಎಷ್ಟು ರೂಪಾಯಿ ನೀವು ತುಂಬುವಿರೆಂಬುದನ್ನೂ ಅದರಲ್ಲಿ ಬರೆಯಿರಿ. ಮನೆಯ ನೆರವು ತಪ್ಪಲ್ಲ. ಅದು ಯಾರಿಗೂ ಕಾಣದೆ ಸೋರಿಹೋಗುವುದೇ ತಪ್ಪು. ಮಗಳನ್ನು ವೈದ್ಯಳನ್ನಾಗಿ ಮಾಡಲು ಲಕ್ಷಗಟ್ಟಲೆ ಹಣ ಕೂಡಿಸುವ ನಾವು, ಕಲಾವಿದೆಯ ಮೊದಲನೆಯ ಎರಡು ವರ್ಷಗಳಿಗೆ ಲೆಕ್ಕವಿಟ್ಟು ಸ್ವಲ್ಪ ಹಣ ಕೊಡುವುದನ್ನು ಭಾರವೆಂದು ಎಣಿಸಬಾರದು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಚಿತ್ರ ಬರೆಯುವವರು, ಕೆಲವರು ಕಸೂತಿ ಹಾಕುವವರು, ಕೆಲವರು ಸಂಗೀತ ಹೇಳಿಕೊಡುವವರು. ಬಹುಜನರು ಅವುಗಳನ್ನು ಕೊಳ್ಳುವವರು. ಬರೆಯುವವರಿಗೆ ನನ್ನ ಮಾತು ಇದು: ಬೆಲೆಯನ್ನು ಹೇಳುವಾಗ ತಲೆ ತಗ್ಗಿಸಬೇಡಿರಿ. ಯಾರಾದರೂ "ಸ್ವಲ್ಪ ಕಡಿಮೆ ಮಾಡಿಕೊಳ್ಳಿ" ಎಂದರೆ ಬೆಲೆಯನ್ನು ತಗ್ಗಿಸದೆ ಚಿತ್ರದ ಅಳತೆಯನ್ನು ತಗ್ಗಿಸಿರಿ. ಕೊಳ್ಳುವವರಿಗೆ ನನ್ನ ಮಾತು: ಗೆಳತಿಯ ಬಳಿ "ಗೆಳೆತನದ ಬೆಲೆ" ಕೇಳಬೇಡಿರಿ. ಗೆಳತಿಯಾದದ್ದರಿಂದಲೇ ಪೂರ್ತಿ ಬೆಲೆ ಕೊಡಿರಿ. ಪರರು ಚೌಕಾಸಿ ಮಾಡುವುದು ಹೇಗೂ ಇದ್ದೇ ಇದೆ.

ಬರುವ ವರ್ಷದಿಂದ ನಮ್ಮ ಒಂಬತ್ತನೆಯ ತರಗತಿಯ ಡ್ರಾಯಿಂಗ್ ಪಾಠದ ಕೊನೆಯ ನಾಲ್ಕು ಗಂಟೆಗಳನ್ನು ಈ ನಾಲ್ಕು ಪುಟಗಳಿಗಾಗಿ ಮೀಸಲಿಡಬೇಕೆಂದು ನಿಶ್ಚಯಿಸಿದ್ದೇವೆ. ಗಣಿತದ ಟೀಚರೂ ಡ್ರಾಯಿಂಗ್ ಟೀಚರೂ ಕೂಡಿ ಅದನ್ನು ಕಲಿಸುವರು. ಎರಡನೆಯ ಹುಡುಗಿಯೂ ಬಂದು ಒಂದು ಗಂಟೆ ಮಾತನಾಡಲು ಒಪ್ಪಿದ್ದಾಳೆ. ಅವಳ ಗಂಟೆಯ ದರವನ್ನು ನಾನು ಮೊದಲೇ ಕೇಳಿ ತಿಳಿದುಕೊಂಡಿರುವೆನು. ಮೊದಲನೆಯವಳಿಗೂ ನಾಲ್ಕು ಪುಟಗಳ ಒಂದು ಪ್ರತಿಯನ್ನು ಮಾಡಿ, ಕಾಗದದ ಸಂಗಡ ಅಂಚೆಯಲ್ಲಿ ಕಳುಹಿಸಿದ್ದೆನು. ಕಳೆದ ತಿಂಗಳು ಅವಳಿಂದ ಉತ್ತರ ಬಂದಿತು. ಅಟ್ಟದ ಮೇಲಿನ ಪೆಟ್ಟಿಗೆಯನ್ನು ಕೆಳಗಿಳಿಸಿ ನೋಡಿದಳಂತೆ. ಬಣ್ಣಗಳೆಲ್ಲ ಒಣಗಿಹೋಗಿವೆ, ಹೊಸ ಬಣ್ಣಗಳಿಗೆ ಎಷ್ಟಾಗುವುದೆಂದು ಮೊದಲನೆಯ ಪುಟದಲ್ಲಿ ಬರೆದಿದ್ದಾಳೆ. "ಕೂಲಿಯ ಸಾಲನ್ನು ಇನ್ನೂ ತುಂಬಿಲ್ಲ, ಟೀಚರ್. ಎಷ್ಟೆಂದು ಬರೆಯಲಿ?" ಎಂದು ಕೇಳಿದ್ದಾಳೆ. ಅವಳ ಮನೆಗೆ ಹೋಗುವುದಕ್ಕೆ ನಾನು ಬರುವ ಶನಿವಾರದ ಬಸ್ಸಿಗೆ ಟಿಕೇಟು ತೆಗೆಸಿದ್ದೇನೆ.

— ಮುಖ್ಯೋಪಾಧ್ಯಾಯಿನಿ